ಚಿರತೆಗೆ ಸ್ವಾಗತ ಭಾಷಣ

ಒಂದು ಕಾಡಿನ ನಡುವೆ ಒಂದು ಕೆರೆ. ಕೆರೆ ದಡದಲ್ಲಿ ದೊಡ್ಡ ಮತ್ತಿ ಮರ. ಮರದ ಮೇಲೆ ಮುಸುವಗಳು, ಅಂದರೆ ಕಪ್ಪು ಮೂತಿಯ ಉದ್ದ ಬಾಲದ ಕೋತಿಗಳು, ಮರದ ಕೆಳಗೆ ಜಿಂಕೆಗಳು. ಎರಡು ಗುಂಪೂ ಸೇರಿ ಮಾಡುತ್ತಿದ್ದ ಕೆಲಸ ಒಂದೇ: ಯಾರ ಹೊಟ್ಟೆಗೂ ಹೋಗದೆ ಸಂಜೆ ತನಕ ಉಳಿಯುವುದು. ನಗಬೇಡಿ ಮಕ್ಕಳೇ, ಕಾಡಿನಲ್ಲಿ ಅದಕ್ಕಿಂತ ದೊಡ್ಡ ಉದ್ಯೋಗ ಇಲ್ಲ.

ಕೆಲಸದ ಕ್ರಮ ಬಲು ಸುಲಭ. ಮುಸುವನಿಗೆ ಕಣ್ಣು ಚುರುಕು, ಜಿಂಕೆಗೆ ಮೂಗು ಚುರುಕು. ಮೇಲೆ ಕೂತವನಿಗೆ ಚಿರತೆ ಕಂಡರೆ "ಖಕ್!" ಅಂತ ಕೆಮ್ಮಬೇಕು. ಕೆಳಗಿದ್ದವರಿಗೆ ಅದರ ವಾಸನೆ ಬಡಿದರೆ "ಖಾವ್!" ಅಂತ ಕೂಗಬೇಕು. ಕೇಳಿಸಿಕೊಂಡವರು ಯಾಕೆ ಏನು ಅನ್ನದೆ ಓಟ ಕೀಳಬೇಕು. ಅಷ್ಟೇ. ಇದಕ್ಕೆ ಯಾರ ತಲೆಯೂ ಬೇಕಿಲ್ಲ, ಕಾಲಿದ್ದರೆ ಸಾಕು.

ಹೀಗಿರುವಾಗ ಕಾವಲಿನ ಕೊಂಬೆಗೆ ಹೊಸ ಮುಸುವನೊಬ್ಬ ಬಂದ. ಹೆಸರು ರಂಗಧಾಮ. ಈ ಮಹಾಶಯ ಬೇಸಿಗೆಯೆಲ್ಲ ಕಾಡಂಚಿನ ಬಂಗಲೆಯ ಹೆಂಚಿನ ಮೇಲೆ ಕೂತು, ಕದ್ದ ಬಾಳೆಹಣ್ಣು ತಿನ್ನುತ್ತಾ, ಒಳಗೆ ಮನುಷ್ಯರು ನಡೆಸುವ ಸಭೆಗಳನ್ನು ಕೇಳಿಸಿಕೊಂಡಿದ್ದ. ಮನುಷ್ಯರ ಸಭೆ ಗೊತ್ತಲ್ಲ? ಒಬ್ಬ ಎದ್ದು ಸ್ವಾಗತ ಕೋರುತ್ತಾನೆ. ಇನ್ನೊಬ್ಬ ಪ್ರಾಸ್ತಾವಿಕ ನುಡಿ ಅಂತ ಶುರು ಮಾಡುತ್ತಾನೆ. ಹಾರ ಹಾಕುತ್ತಾರೆ, ಹಾಕಿದ ಹಾರವನ್ನು ಆಗಲೇ ತೆಗೆದು ಪಕ್ಕಕ್ಕಿಡುತ್ತಾರೆ. ವಂದನಾರ್ಪಣೆ ಹೊತ್ತಿಗೆ ಯಾಕೆ ಸೇರಿದ್ದೆವು ಅನ್ನೋದೇ ಎಲ್ಲರಿಗೂ ಮರೆತುಹೋಗಿರುತ್ತದೆ. ನಮ್ಮ ರಂಗಧಾಮನಿಗೆ ಇದು ವಿಪರೀತ ಹಿಡಿಸಿಬಿಟ್ಟಿತು.

"ಖಕ್ ಖಕ್ ಅನ್ನೋದೆಲ್ಲ ಕಾಡುಪದ್ಧತಿ. ಇನ್ನು ಮುಂದೆ ಎಲ್ಲ ಕ್ರಮವಾಗಿ ನಡೆಯಬೇಕು" ಎಂದ.

ಗೌರಕ್ಕ ಎಂಬ ಜಿಂಕೆ ತಲೆ ಎತ್ತಿ ನೋಡಿದಳು. ಅವಳ ಮಗ್ಗುಲಿಗೆ ಚುಕ್ಕಿ ಎಂಬ ಪುಟ್ಟ ಮರಿ ಅಂಟಿಕೊಂಡು ನಿಂತಿತ್ತು.

"ಕಾಡಿನಲ್ಲಿ ಕಾಡುಪದ್ಧತಿ ಇರದೆ ಇನ್ನೇನಿರುತ್ತೆ ರಂಗಧಾಮಣ್ಣ? ನಮಗೆ ಕೆಮ್ಮೇ ಸಾಕು."

"ಗೌರಕ್ಕನವರೇ, ಕೆಮ್ಮಿದರೆ ಬಾಂಧವ್ಯ ಬೆಳೆಯುತ್ತದೆಯೇ? ಜೊತೆಯಲ್ಲಿ ಕೆಲಸ ಮಾಡುವವರು ಪರಸ್ಪರ ಗೌರವದಿಂದ ಮಾತಾಡಬೇಕು."

"ಮೊದಲು ಉಳಿಸಿಕೊಡು ಮಾರಾಯ. ಉಳಿದರೆ ಗೌರವ ಆಮೇಲೆ ತಗೋತೀವಿ."

ಆದರೆ ಉಳಿದ ಜಿಂಕೆಗಳೇನು ಕಮ್ಮಿ ಪೆದ್ದುಗಳೇ? ರಂಗಧಾಮ ಗಂಡು ಜಿಂಕೆಯನ್ನು "ಮಾನ್ಯ ಕೊಂಬುಧಾರಿಗಳೇ" ಅಂದದ್ದೇ ತಡ, ಅದು ಕುತ್ತಿಗೆ ಉಬ್ಬಿಸಿಕೊಂಡು ಹುಲ್ಲು ತಿನ್ನೋದನ್ನೇ ಮರೆಯಿತು. "ಹೊಸಬ ಎಷ್ಟು ಚೆನ್ನಾಗಿ ಮಾತಾಡ್ತಾನೆ! ನಮ್ಮನ್ನು ಗುರುತಿಸಿದವನು ಇವನೊಬ್ಬನೇ!" ಎಂದು ಗುಂಪೆಲ್ಲ ಬಾಲ ಅಲ್ಲಾಡಿಸಿತು. ಮೂರ್ಖರಿಗೆ ಎರಡು ಬಹುವಚನ ಸಿಕ್ಕರೆ ಸಾಕು, ಊಟವೇ ಬೇಡ.

ಮಾರನೆಯ ದಿನ ಒಂದು ನರಿ ಬಂತು. ರಂಗಧಾಮ ಅದನ್ನು ನೋಡಿ ಸ್ವಾಗತ ಮುಗಿಸಿ, ಕೊಂಬುಧಾರಿಗಳ ಗುಣಗಾನ ಮುಗಿಸುವಷ್ಟರಲ್ಲಿ ನರಿ ಚುಕ್ಕಿಯ ಕಿವಿಗೆ ಬಾಯಿ ಹಾಕಿತ್ತು. ಗೌರಕ್ಕ ಒದ್ದಳು, ನರಿ ಓಡಿತು. ಚುಕ್ಕಿಯ ಕಿವಿ ಮಾತ್ರ ಹರಿದೇಹೋಯಿತು.

"ನರಿ ಬಂದಿದೆ ಅಂತ ಮೊದಲೇ ಬೊಗಳೋಕೆ ಏನಾಗಿತ್ತು ನಿನಗೆ?" ಗೌರಕ್ಕನ ಕಣ್ಣು ಕೆಂಪಾಗಿತ್ತು.

"ವಿಷಯ ಮೂರನೆಯದಾಗಿ ಬರುತ್ತದೆ ಅಕ್ಕನವರೇ. ನೀವು ತಾಳ್ಮೆ ಕಳೆದುಕೊಂಡರೆ ನನ್ನ ತಪ್ಪೇ?"

"ನಾಳೆ ಚಿರತೆ ಬಂದರೆ ನನ್ನ ಮಗು ಮೂರನೆಯದರ ತನಕ ಇರಲ್ಲ ಕಣೋ!"

ರಂಗಧಾಮ ಮುಖ ತಿರುಗಿಸಿಕೊಂಡ. ಅವನಿಗೆ ಹೇಳೋದು ಬರುತ್ತಿತ್ತು, ಕೇಳೋದು ಬರುತ್ತಿರಲಿಲ್ಲ.

ಸರಿ, ಬಾಯಿಮಾತಿಗೆ ಅಂದ ಚಿರತೆ ನಿಜವಾಗಿಯೇ ಬಂತು. ಗಾಳಿಗೆ ಎದುರಾಗಿ, ಸದ್ದಿಲ್ಲದೆ, ಲಂಟಾನ ಪೊದೆಯ ಹಿಂದೆ. ಜಿಂಕೆಗಳಿಗೆ ವಾಸನೆ ಸಿಗಲಿಲ್ಲ. ಚುಕ್ಕಿ ನೀರಿನ ಅಂಚಿನಲ್ಲಿ ಒಂಟಿಯಾಗಿ ನಿಂತಿತ್ತು.

ರಂಗಧಾಮನಿಗೆ ಎಲ್ಲ ಕಂಡಿತು. ಅವನು ಎದ್ದು ನಿಂತು, ಬಾಲ ನೇರ ಮಾಡಿಕೊಂಡು, ಕಣ್ಣು ಮುಚ್ಚಿದ. ದೊಡ್ಡ ಭಾಷಣಕಾರರು ಕಣ್ಣು ಮುಚ್ಚುತ್ತಾರೆ, ಎದುರಿಗಿದ್ದವರ ಆಕಳಿಕೆ ಕಾಣಬಾರದಲ್ಲ!

"ಕೆರೆಯಂಗಳದ ಎಲ್ಲ ಗಣ್ಯರಿಗೂ ಆದರದ ಸ್ವಾಗತ. ಈ ಶುಭ ಮುಂಜಾನೆ ನಮ್ಮ ನಡುವೆ ಒಬ್ಬ ವಿಶೇಷ ಅತಿಥಿ ಇದ್ದಾರೆ..."

ಜಿಂಕೆಗಳೆಲ್ಲ ಬಾಯಿ ಬಿಟ್ಟು ಮೇಲೆ ನೋಡಿದವು. ಚಿರತೆ ಒಂದು ಹೆಜ್ಜೆ ಮುಂದೆ ಬಂತು.

"ಅವರ ಪರಿಚಯಕ್ಕೆ ಮುನ್ನ, ಮಾನ್ಯ ಕೊಂಬುಧಾರಿಗಳ ಬಗ್ಗೆ ಎರಡು ಮಾತು..."

ಚಿರತೆ ಇನ್ನೊಂದು ಹೆಜ್ಜೆ ಬಂತು. ಪಾಪ, ಅದರ ಜನ್ಮದಲ್ಲಿ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಗಾಳಿ ತಿರುಗಿತು. ಗೌರಕ್ಕನ ಮೂಗಿಗೆ ವಾಸನೆ ಬಡಿಯಿತು.

"ಖಾವ್!"

ಸ್ವಾಗತವಿಲ್ಲ, ಮಾನ್ಯರೇ ಇಲ್ಲ. ಗುಂಪೆಲ್ಲ ದಿಕ್ಕಾಪಾಲಾಗಿ ಓಡಿತು. ಚುಕ್ಕಿ ಅಮ್ಮನ ಹಿಂದೆ ಹಾರಿತು. ಚಿರತೆ ನೆಗೆದು ಬಿದ್ದದ್ದು ಕೆಸರಿಗೆ. ಮೂತಿಗೆಲ್ಲ ಕೆಸರು ಮೆತ್ತಿಕೊಂಡು ಸಿಟ್ಟಿನಿಂದ ಮೇಲೆ ನೋಡಿತು. ಅಲ್ಲಿ ರಂಗಧಾಮ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದ.

"ಯಾರೂ ಎದ್ದು ಹೋಗಬಾರದು! ಕೊನೆಯಲ್ಲಿ ಲಘು ಉಪಾಹಾರ ಇದೆ!" ಎಂದ. ಬಂಗಲೆಯಲ್ಲಿ ಹಾಗೇ ಅನ್ನುತ್ತಿದ್ದರು.

ಚಿರತೆ ಮರ ಹತ್ತತೊಡಗಿತು.

ದೂರದಿಂದ ಗೌರಕ್ಕ ನೋಡಿದಳು. ಮಗಳ ಕಿವಿ ನೆನಪಾಯಿತು. ಸುಮ್ಮನಿರಬಹುದಿತ್ತು. ಆದರೆ ಕೆಲಸ ಅಂದರೆ ಕೆಲಸ. "ಖಾವ್! ಖಾವ್! ರಂಗಧಾಮಣ್ಣ, ಹಿಂದೆ ನೋಡೋ!"

"ನಡುವೆ ಮಾತಾಡಬೇಡಿ ಅಕ್ಕನವರೇ. ಪ್ರಶ್ನೆಗಳಿಗೆ ಕೊನೆಯಲ್ಲಿ ಅವಕಾಶವಿದೆ."

"ನನ್ನದೊಂದೇ ಪ್ರಶ್ನೆ" ಎಂದಿತು ಬೆನ್ನ ಹಿಂದಿನಿಂದ ಒಂದು ಗೊಗ್ಗರು ದನಿ. "ಉಪಾಹಾರ ಅಂದರೆ ನೀವೇನಾ?"

ರಂಗಧಾಮ ಕಣ್ಣು ಬಿಟ್ಟ. ಪಕ್ಕದ ಮರಕ್ಕೆ ಹಾರಿದ. ಅವನ ಅರ್ಧ ಬಾಲ ಮಾತ್ರ ಹಾರಲಿಲ್ಲ, ಚಿರತೆಯ ಬಾಯಲ್ಲೇ ಉಳಿಯಿತು.

ಆಗ ಬಂತು ನೋಡಿ ಅವನ ಬಾಯಿಂದ, ಸ್ವಾಗತ ಇಲ್ಲದೆ, ವಂದನೆ ಇಲ್ಲದೆ, ಜೀವಮಾನದ ಅತ್ಯುತ್ತಮ ಭಾಷಣ:

"ಖಕ್!"

ಇಡೀ ಕಾಡಿಗೆ ಅರ್ಥವಾಯಿತು.

ನೀತಿ: ಜೊತೆಗೆಲಸದವರಿಗೆ ಮೊದಲು ವಿಷಯ ಹೇಳು, ಅವರು ಹೇಳೋದನ್ನೂ ಕೇಳು, ಬರೀ ಬಣ್ಣದ ಮಾತಿನಿಂದ ಸಂಬಂಧ ಕಟ್ಟಲು ಹೋದವನಿಗೆ ಕೊನೆಗೆ ಬಾಲವೂ ಪೂರ್ತಿ ಉಳಿಯುವುದಿಲ್ಲ.