ಕೊಟ್ರ ತೂಗಿದ ಬೆಲ್ಲ

ಎಳ್ಳಮಾಸಿ ಕಳೆದ ಸೋಮವಾರ ಕೊಟ್ರ ಮೊದಲ ಸಲ ಮನೆ ಬಿಟ್ಟ. ಅವನವ್ವ ಹಾಲವ್ವ ಬೇಸತ್ತು, "ನಿನ್ನ ದಾರಿ ನೀ ನೋಡ್ಕೋ ಹೋಗು!" ಅಂದಿದ್ದಳು. ಕೊಟ್ರ ಹೊಸಿಲಿಗೆ ಬಂದು ದಾರಿ ನೋಡಿದ. ಚೆನ್ನಾಗೇ ಇತ್ತು. ನಡೆದುಬಿಟ್ಟ.

ಹಾಲವ್ವ ಹಿಂದೆ ಓಡಿಬಂದಳು. "ಲೇ ಪೆದ್ದ! ಹೋಗೋದೇ ಆದ್ರೆ ಮದುವೆ ಅಡಿಗೆ ಮಾಡೋ ಚನ್ನಬಸಣ್ಣನ ಹತ್ರ ಕೆಲಸಕ್ಕೆ ಹೋಗು. ಉಗಾದಿ ತನಕ ಒಂದೇ ಒಲೆ ಮುಂದೆ ನಿಂತು ತೋರ್ಸು. ಇಲ್ಲಾಂದ್ರೆ ನಿಮ್ಮಾವ ತನ್ನ ಮಗಳು ಗಂಗಿನ ಬೇರೆಯವರಿಗೆ ಕೊಡ್ತಾನೆ. ನಾಲ್ಕು ಪಾವಿಗೆ ಒಂದು ಕೆಜಿ, ಇದೊಂದು ನೆನಪಿಟ್ಕೋ!"

"ನಾಲ್ಕು ಪಾವಿಗೆ ಒಂದು ಕೆಜಿ. ಅಷ್ಟೇನಾ ಯವ್ವಾ?" ಅಂದ ಕೊಟ್ರ.

ಮೊದಲನೇ ಮದುವೆಮನೆ. ಚನ್ನಬಸಣ್ಣ ಕೂಗಿದ, "ಲೇ ಕೊಟ್ರಾ, ಐದು ಕೆಜಿ ಮಂಡಕ್ಕಿ ತಗೊಂಬಾ!"

ಐದು ಕೆಜಿಗೆ ಇಪ್ಪತ್ತು ಪಾವು. ಕೊಟ್ರ ಎಣಿಸಿ ಎಣಿಸಿ ಅಳೆದ. ಒಂದು ಬುಟ್ಟಿ ತುಂಬಿತು.

"ಮುನ್ನೂರು ಮಂದಿಗೆ ಒಂದು ಬುಟ್ಟಿನಾ!"

"ಅವ್ವನ ಲೆಕ್ಕ ಅಣ್ಣಾ."

"ಅದು ಅಕ್ಕಿ ಲೆಕ್ಕನೋ! ಮಂಡಕ್ಕಿ ಗಾಳಿಗೆ ಹಾರತ್ತೆ, ಅಕ್ಕಿ ಹಾರತ್ತಾ? ಕೆಜಿ ಅಂದ್ರೆ ತಕ್ಕಡಿ ತಟ್ಟೆಗೆ ಸುರಿಬೇಕು!"

"ಅಷ್ಟೇನಾ ಅಣ್ಣಾ?"

ಎರಡನೇ ಮದುವೆಮನೆ. "ಎರಡು ಕೆಜಿ ತುಪ್ಪ ತೂಗು!"

ಕೊಟ್ರ ಕಾಯಿಸಿದ ತುಪ್ಪವನ್ನು ತಕ್ಕಡಿ ತಟ್ಟೆಗೆ ಸುರಿದ. ತಟ್ಟೆ ವಾಲಿತು. ತುಪ್ಪ ಹರಿಯಿತು. ಕೊಟ್ರ ಮತ್ತೆ ಸುರಿದ. ಬೀಗರ ನಾಯಿ ಬಾಲ ಅಲ್ಲಾಡಿಸುತ್ತ ಬಂತು.

"ಅಯ್ಯೋ ಮೂಢಾ! ಪಾತ್ರೆ ಇಡಬಾರದೇನೋ? ಖಾಲಿ ಪಾತ್ರೆ ತೂಗು. ತುಂಬಿಸಿ ತೂಗು. ಪಾತ್ರೆ ತೂಕ ಕಳೆ. ಒಳಗಿದ್ದದ್ದೇ ಲೆಕ್ಕ!"

"ಒಳಗಿದ್ದದ್ದೇ ಲೆಕ್ಕ. ಅಷ್ಟೇನಾ ಅಣ್ಣಾ?"

ಉಗಾದಿಗೆ ಎಂಟು ದಿನ ಇತ್ತು. ರುದ್ರಗೌಡರು ಬೆಲ್ಲದ ತುಲಾಭಾರ ಹರಕೆ ಹೊತ್ತಿದ್ದರು. ಅದೇ ಬೆಲ್ಲದಲ್ಲಿ ಊರಿಗೆಲ್ಲ ಗೋಧಿ ಹುಗ್ಗಿ. "ಗೌಡರನ್ನ ತೂಗಿ ಬೆಲ್ಲ ಎತ್ತಿಡು. ಈ ಸಲ ಕೆಟ್ರೆ ನೀನು ನನ್ನ ಒಲೆ ಹತ್ರ ಇರಂಗಿಲ್ಲ!" ಅಂದ ಚನ್ನಬಸಣ್ಣ.

ಕೊಟ್ರನಿಗೆ ಗಂಗಿ ನೆನಪಾದಳು. ಈ ಸಲ ತಪ್ಪಬಾರದು! ಬೆಳಗ್ಗೆ ಎದ್ದವನೇ ಗೌಡರನ್ನು ದೊಡ್ಡ ತಕ್ಕಡಿಯಲ್ಲಿ ಕೂರಿಸಿ ತೂಗಿದ. ಎರಡು ತಟ್ಟೆ ಉಪ್ಪಿಟ್ಟು ತಿನ್ನಿಸಿದ. ಮತ್ತೆ ತೂಗಿದ. ಕಳೆದ.

ಊರು ಸೇರಿತು. ವಾಲಗ ಮೊಳಗಿತು. ಗೌಡರು ಒಂದು ತಟ್ಟೆಯಲ್ಲಿ ಕೂತರು. ಇನ್ನೊಂದು ತಟ್ಟೆಗೆ ಕೊಟ್ರ ಒಂದೇ ಒಂದು ಅಚ್ಚು ಬೆಲ್ಲ ಇಟ್ಟ. ಗೌಡರು ನೆಲ ಬಿಟ್ಟು ಏಳಲಿಲ್ಲ.

"ಉಳಿದ ಬೆಲ್ಲ ಎಲ್ಲೋ?" ಗೌಡರು ಗುಡುಗಿದರು.

"ನೀವು ಪಾತ್ರೆ ಗೌಡ್ರೇ! ಪಾತ್ರೆ ತೂಕ ಕಳೆದೆ. ಒಳಗಿರೋ ಉಪ್ಪಿಟ್ಟು ಮುಕ್ಕಾಲು ಕೆಜಿ. ಅದೇ ಲೆಕ್ಕ!"

ಊರು ಹೊಟ್ಟೆ ಹಿಡಿದು ನಕ್ಕಿತು. ಗೌಡರು ನಗಲಿಲ್ಲ. "ಕಟ್ಟೋ ಗಂಟು!" ಅಂತ ಕಿರುಚಿದ ಚನ್ನಬಸಣ್ಣ.

ಕೊಟ್ರ ಗಂಟು ಕಟ್ಟತೊಡಗಿದ. ಅದರೊಳಗೆ ಅಂಗಿ ಹಾಕಿದ, ಪಂಚೆ ಹಾಕಿದ, ಗಂಗಿಗೆ ತಂದಿಟ್ಟಿದ್ದ ಹಸಿರು ಬಳೆ ಹಾಕಿದ. ಎಂಟು ದಿನದಾಗೆ ಇನ್ನೊಂದು ಒಲೆ ಸಿಗಲ್ವಾ? ಸಿಕ್ಕೇ ಸಿಗತ್ತೆ! ಆಮೇಲೆ ತುಪ್ಪ ತೂಗಿದ ಸಣ್ಣ ತಕ್ಕಡಿಯನ್ನೂ ಎತ್ತಿ ಗಂಟಿಗೆ ಹಾಕಿದ.

"ಲೇ! ಲೇ! ಅದು ನನ್ನ ತಕ್ಕಡಿ!"

"ಒಳಗಿದ್ದದ್ದೇ ಲೆಕ್ಕ ಅಂದವರು ನೀವೇ ಅಲ್ವಾ ಅಣ್ಣಾ? ನೋಡ್ರಿ, ಎರಡೂ ತಟ್ಟೆ ಖಾಲಿ. ನಾನೇನೂ ಒಯ್ತಿಲ್ಲ!" ಅಂದವನೇ ಗಂಟನ್ನು ಇನ್ನೊಂದು ಸುತ್ತು ಬಿಗಿದ.