ಎಡೆ ಮುಟ್ಟದ ಕಾಗೆ

"ಗುರುಗಳೇ, ತೀರಿಹೋದ ಹಿರಿಯರ ಋಣ ತೀರಿತೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ. ಅವನು ಹಿಂದಿನ ದಿನವಷ್ಟೇ ತಾಯಿಯ ತಿಥಿ ಮುಗಿಸಿ ಬಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹಿತ್ತಿಲಲ್ಲಿ ಅವನ ತಂದೆ ಬೆಳೆಯಬಿಟ್ಟಿದ್ದ ಕವಳೆ, ಕಾರೆ, ಬೋರೆಯ ಪೊದೆಗಳಿದ್ದವು. ಆ ಕಾಡುಹಣ್ಣಿಗೆ ಹಕ್ಕಿಗಳು ಬರುತ್ತಿದ್ದವು. ಬಂದವು ಅಷ್ಟಕ್ಕೇ ಹೋಗುತ್ತಿರಲಿಲ್ಲ. ಒಣಹಾಕಿದ ಜೋಳಕ್ಕೂ ಬಾಯಿ ಹಾಕುತ್ತಿದ್ದವು. ತಂದೆ ಇರುವ ತನಕ ರೈತ ಸುಮ್ಮನಿದ್ದ. ತಂದೆ ತೀರಿಕೊಂಡ ಮೇಲೆ ಪೊದೆಗಳನ್ನು ಬುಡಸಮೇತ ಕಿತ್ತು ಸುಟ್ಟ. ಹಳೆಯ ರೂಢಿಯಿಂದ ಬಂದ ಹಕ್ಕಿಗಳಿಗೆ ಕಲ್ಲು ಬೀಸಿದ. ಹಿತ್ತಿಲು ಚೊಕ್ಕಟವಾಯಿತು.

ತಂದೆಯ ವರ್ಷದ ತಿಥಿ ಬಂತು. ಅವರಲ್ಲಿ ಹಿರಿಯರಿಗಿಟ್ಟ ಎಡೆಯನ್ನು ಕಾಗೆ ಮುಟ್ಟಿದ ಮೇಲೆಯೇ ಮನೆಯವರು ಉಣ್ಣುವುದು. ಕಾಗೆ ಮುಟ್ಟಿದರೆ ಹಿರಿಯರು ಉಂಡಂತೆ. ರೈತ ಹಿತ್ತಿಲಲ್ಲಿ ಬಾಳೆಲೆಯ ಮೇಲೆ ಅನ್ನ, ಪಾಯಸ, ತಂದೆಗೆ ಇಷ್ಟವಾದ ವಡೆ ಇಟ್ಟು "ಕಾ, ಕಾ" ಎಂದು ಕರೆದ. ಕಾಗೆ ಬರಲಿಲ್ಲ. ಬಿಸಿಲು ಇಳಿಯಿತು. ಮಕ್ಕಳು ಹಸಿದು ಅತ್ತವು.

"ಅಪ್ಪ ನನ್ನ ಮೇಲೆ ಮುನಿದಿದ್ದಾನೆ" ಎಂದು ರೈತ ತಲೆಯ ಮೇಲೆ ಕೈ ಹೊತ್ತು ಕುಳಿತ.

ಹೆಂಡತಿ ಅಂದಳು: "ಮಾವನವರನ್ನು ಯಾಕೆ ಅಂತೀರಿ? ವರ್ಷವೆಲ್ಲ ಕಲ್ಲು ಹೊಡೆದು ಓಡಿಸಿದಿರಿ. ಬೈಸಿಕೊಂಡೂ ಎಲೆ ಮುಂದೆ ಬಂದು ಕೂರಲು ಕಾಗೆಯೇನು ಮನೆಯಳಿಯನೇ?"

ಎಡೆ ಹಸುವಿಗೆ ಹೋಯಿತು. ರೈತ ಆ ದಿನ ಉಣ್ಣಲಿಲ್ಲ.

ಮಳೆ ಬಿದ್ದೊಡನೆ ಅವನು ಗುಡ್ಡಕ್ಕೆ ಹೋಗಿ ಕವಳೆ, ಕಾರೆ, ಬೋರೆಯ ಸಸಿಗಳನ್ನು ಅಗೆದು ತಂದು ನೆಟ್ಟ. ಮುಳ್ಳು ಚುಚ್ಚಿದ ಕೈಯಲ್ಲೇ ನೀರೆರೆದ. ಅವು ಫಲಕ್ಕೆ ಬರಲು ವರ್ಷಗಳು ಹಿಡಿದವು. ಅಲ್ಲಿಯ ತನಕ ತಿಥಿಯ ಎಡೆ ಹಸುವಿಗೇ ಹೋಯಿತು. ಹಣ್ಣಾದ ಮೇಲೆ ಪಿಕಳಾರ ಬಂತು, ಗೊರವಂಕ ಬಂತು, ಕೊನೆಗೆ ಕಾಗೆಯೂ ಬಂತು. ಜೋಳ ಒಣಹಾಕುವಾಗ ರೈತ ಅಂಚಿನಲ್ಲಿ ಒಂದು ಹಿಡಿ ಬೇರೆಯಾಗಿ ಚೆಲ್ಲತೊಡಗಿದ.

ಆ ವರ್ಷದ ತಿಥಿಗೆ ಎಡೆ ಇಟ್ಟ. ಕರೆಯುವ ಮೊದಲೇ ಕಾಗೆ ಬಂದು ಬೇಲಿಯ ಮೇಲೆ ಕೂತಿತು. ಮನೆಯವರೆಲ್ಲ ಬಾಗಿಲ ಮರೆಯಲ್ಲಿ ನಿಂತು ನೋಡಿದರು. ಕಾಗೆ ಎಲೆಯತ್ತ ಒಮ್ಮೆ ಕತ್ತು ಹೊರಳಿಸಿತು. ಕವಳೆಯ ಪೊದೆಗೆ ಹಾರಿ ನಾಲ್ಕು ಹಣ್ಣು ತಿಂದಿತು. ಕೊಕ್ಕನ್ನು ಕೊಂಬೆಗೆ ಒರೆಸಿ ಹಾರಿಹೋಯಿತು. ಎಡೆಯನ್ನು ಮುಟ್ಟಲಿಲ್ಲ.

ಹೆಂಡತಿಯ ಮುಖ ಬಾಡಿತು. "ಈ ಸಲವೂ ಹೀಗಾಯಿತಲ್ಲ!"

ರೈತ ಪೊದೆಗೆ ಕೈ ಮುಗಿದ. ಅವನ ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು. "ಎಲೆ ಹಾಕೇ. ಅಪ್ಪ ದಿನಾ ಇಲ್ಲೇ ಉಂಡು ಹೋಗುತ್ತಿದ್ದಾನೆ. ಇವತ್ತೊಂದು ದಿನಕ್ಕೆ ಅವನಿಗೆ ಹಸಿವು ಎಲ್ಲಿಂದ ಬರಬೇಕು?"

ಅಂದು ಮನೆಯವರೆಲ್ಲ ಹೊತ್ತಿಗೆ ಸರಿಯಾಗಿ ಉಂಡರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬಿಡಲಿಲ್ಲ. "ಹಾಗಾದರೆ ಅವನ ಋಣ ತೀರಿತೇ, ಗುರುಗಳೇ?"

"ತೀರಲಿ ಎಂದು ಯಾಕಪ್ಪ ಬಯಸುತ್ತೀ? ಅವರಿಗೆ ಬಡಿಸಲು ನಮಗೆ ಉಳಿದಿರುವ ನೆವ ಅದೊಂದೇ."