ಹಾರೆ ಮತ್ತು ಬುನಾದಿಯ ಕಲ್ಲು

ನೇಕಾರ ಬನಪ್ಪನ ಹಳೆಯ ಮನೆಯ ನೆಲಮಾಳಿಗೆಯಲ್ಲಿ, ಮಗ್ಗದ ಮೇಲೆ, ಸೀರೆಗೆ ಹೂಬಳ್ಳಿ ಮೂಡಿಸುವ ಜಕಾರ್ಡ್ ಯಂತ್ರ ಕೂರಿಸಲು ಎರಡಡಿ ಎತ್ತರ ಕಡಿಮೆ ಬಿತ್ತು. "ಮಾಳಿಗೆ ಎತ್ತಲಾಗದು, ನೆಲವನ್ನೇ ತಗ್ಗಿಸೋಣ" ಎಂದು ಅವನು ಹಾರೆ ತಂದ.

"ಗೋಡೆಯ ಬುಡದ ಮಣ್ಣನ್ನೆಲ್ಲ ಸಂಜೆಯೊಳಗೆ ತೆಗೆದುಬಿಡುತ್ತೇನೆ" ಎಂದಿತು ಹಾರೆ.

ಬುನಾದಿಯ ಕಲ್ಲು ತಡೆಯಿತು. "ಆ ಮಣ್ಣಿನ ಮೇಲೆ ನಾನಿದ್ದೇನೆ. ನನ್ನ ಮೇಲೆ ಗೋಡೆ, ಗೋಡೆಯ ಮೇಲೆ ತೊಲೆ, ತೊಲೆಗೆ ಬನಪ್ಪನ ಮೊಮ್ಮಗಳ ತೊಟ್ಟಿಲು. ಗೋಡೆಯುದ್ದಕ್ಕೆ ಮೂರಡಿ ಮಾತ್ರ ಅಗೆ. ಅಲ್ಲಿ ನನ್ನಡಿಗೆ ಬನಪ್ಪ ಹೊಸ ಕಲ್ಲು ಕಟ್ಟಲಿ, ಅದು ಬಿಗಿಯಾಗಲಿ. ಆಮೇಲೆ ಮುಂದಿನ ಮೂರಡಿ."

"ಹಾಗಾದರೆ ದೀಪಾವಳಿ ದಾಟುತ್ತದೆ!"

"ದಾಟಲಿ. ದಣಿದರೆ ನೀನು ಗೋಡೆಗೆ ಒರಗುತ್ತೀ. ಗೋಡೆ ಯಾರಿಗೆ ಒರಗಬೇಕು?"

ಹಾರೆ ಮೂರು ಮೂರಡಿಯಂತೆಯೇ ಕೆಲಸ ಹಿಡಿಯಿತು. ಅಗೆಯಿತು, ಕಾಯಿತು, ಮತ್ತೆ ಅಗೆಯಿತು. ದೀಪಾವಳಿ ದಾಟಿದ ಮೇಲೆ ಒಂದು ಬೆಳಿಗ್ಗೆ ಜಕಾರ್ಡ್ ಮಗ್ಗವನ್ನೇರಿತು. ಅದರ ಸದ್ದು ಕೇಳಲು ಓಣಿಯೆಲ್ಲ ಇಳಿದು ಬಂತು.

"ಎಲ್ಲರೂ ಜಕಾರ್ಡನ್ನೇ ಹೊಗಳಿದರು" ಎಂದು ಹಾರೆ ಗೊಣಗಿತು. "ನಮ್ಮನ್ನು ಯಾರೂ ಕೇಳಲಿಲ್ಲ."

"ಇಷ್ಟು ದಿನ ಅಗೆದೆಯಲ್ಲ, ಮೇಲಿನ ಕೂಸು ಒಮ್ಮೆಯಾದರೂ ಬೆಚ್ಚಿ ಅತ್ತಿತೇ?"

"ಇಲ್ಲ."

"ಅದೇ ನಮ್ಮ ಹೊಗಳಿಕೆ" ಎಂದಿತು ಕಲ್ಲು.